ಚೀಟಿ ಇಲ್ಲದ ಮಾತು

ಇಕ್ಕಳದಲ್ಲಿ ಹಿಡಿದು ಮೂಸೆಯ ಬಾಯಿಯ ತನಕ ತಂದಿದ್ದೆ. ಅಷ್ಟರಲ್ಲಿ ವಾಸನೆ ಬಂತು. ಹಿತ್ತಾಳೆ ಕಾದ ವಾಸನೆಯಲ್ಲ, ಅದು ನನ್ನ ಮೂಗಿಗೆ ಈಗ ಗೊತ್ತೇ ಆಗುವುದಿಲ್ಲ. ಇದು ರಬ್ಬರು ಮತ್ತು ಅರಗು ಕೂಡಿ ಸುಟ್ಟ ಹಾಗೆ. ಕೈ ತಾನಾಗಿ ಹಿಂದಕ್ಕೆ ಬಂತು.

ಇಕ್ಕಳ ಕೆಳಗಿಟ್ಟು ನೋಡಿದೆ. ಅಂಗೈ ಅಗಲದ ಹಿತ್ತಾಳೆ ತಗಡು, ಅದರ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುವ ಒಂದು ಪಟ್ಟಿ, ಪಟ್ಟಿಯ ತುದಿಗೆ ಕರಿ ಗುಂಡಿ. ಗುಂಡಿಯ ಒಂದು ಮಗ್ಗುಲು ಹೊಗೆಯಾಡುತ್ತಿತ್ತು. ಒಡೆದ ತಂಬಿಗೆ, ಮುರಿದ ದೀಪದ ಸಮೆ, ಸೊಟ್ಟಾದ ಹರಿವಾಣ ಇವುಗಳ ಜೊತೆ ಮೋಡಕಾ ಸಾಮಾನಿನ, ಅಂದರೆ ಗುಜರಿಯ ಚೀಲದಲ್ಲಿ ಬಂದಿತ್ತು. ನೋಡದೆ ಎತ್ತಿಕೊಂಡಿದ್ದೆ. ಅದು ತಾರು ಬಡಿಯುವ ಕೀ, ಟೆಲಿಗ್ರಾಂ ಕಳಿಸುವವರದು. ಪಟ್ಟಿಯ ಮಗ್ಗುಲಿಗೆ ಒಂದು ಹಳೇ ಬೆಸುಗೆ ಇತ್ತು. ಆ ಬೆಸುಗೆ ಹಾಕಿದವನು ನಾನೇ. ಇದೇ ಕುಲುಮೆಯಲ್ಲಿ.

ತಾರ ಕಾಕಾ ಅವರದು.

ಕಮರಿಪೇಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ರೈಲ್ವೆಯಲ್ಲಿ ತಾರು ಬಡಿಯುವ ನೌಕರಿ ಮಾಡಿ ಪಿಂಚಣಿ ಆದವರು. ಹೆಸರು ಇತ್ತು, ಯಾರೂ ಅದರಿಂದ ಕರೆಯುತ್ತಿರಲಿಲ್ಲ. ಅವರ ಹೆಂಡತಿ ನಮಗೆ ಕಾಕು. ಮಕ್ಕಳಿರಲಿಲ್ಲ. ಪಿಂಚಣಿ ಆದವರು ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುತ್ತಾರೆ. ಇವರು ವೈರ್‌ಲೆಸ್ ಪೆಟ್ಟಿಗೆ ಕಟ್ಟಿಕೊಂಡು ಕೂತರು. ಬರೇ ಹಾಡು ಕೇಳುವ ರೇಡಿಯೊ ಅಲ್ಲ. ಅದರಿಂದ ತಾವೂ ತಾರು ಕಳಿಸಬಹುದು, ಕಂಬ ಬೇಡ, ಕಂಬದ ತಂತಿ ಬೇಡ. ಅದಕ್ಕೆ ಪರೀಕ್ಷೆ ಕೊಟ್ಟು ಸರಕಾರದ ಲೈಸೆನ್ಸ್ ತಗೊಂಡಿದ್ದರು. ಆ ಲೈಸೆನ್ಸಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕದಲ್ಲೇ ಗೋಡೆಗೆ ಹೊಡೆದಿದ್ದರು. ಕಾಕು ದಿನಾ ಎರಡಕ್ಕೂ ಕೂಡಿಯೇ ಊದಬತ್ತಿ ಬೆಳಗುತ್ತಿದ್ದಳು.

ಪೆಟ್ಟಿಗೆಗೆ ಮನೆಯ ಮೇಲಿಂದ ಉದ್ದ ತಂತಿ ಎಳೆಯಬೇಕಿತ್ತು. ಅವರ ಹಿತ್ತಿಲಿನ ಬೇವಿನ ಮರ ಹತ್ತಿ ಅದನ್ನು ಕಟ್ಟಿದವನು ನಮ್ಮ ಅಣ್ಣ ಫಕೀರಪ್ಪ. ಅಣ್ಣ ಮರದ ತುದಿಯಲ್ಲಿ, ಕಾಕಾ ಕೆಳಗೆ ಕತ್ತು ಎತ್ತಿಕೊಂಡು.

"ಭಾಳ ಬಿಗಿ ಜಗ್ಗಬ್ಯಾಡೋ ಫಕೀರ್ಯಾ. ಗಾಳಿ ಬಂದ್ರ ಅದು ಕುಣೀಬೇಕು."

"ನಾ ಕುಣೀದಿದ್ರ ಸಾಕ್ರೀ ಕಾಕಾ. ಟೊಂಗಿ ಸಣ್ಣೈತಿ."

ಅಣ್ಣ ಹಾಕಿದ ಗಂಟು ಕಾಕಾಗೆ ಸರಿ ಕಾಣಲಿಲ್ಲ. ಬಿಚ್ಚಿಸಿ ಮತ್ತೆ ಹಾಕಿಸಿದರು. ಮೂರನೇ ಸಲ ಅಣ್ಣ ಇಳಿದು ಬಂದು, ಇನ್ನು ಬಿಚ್ಚುವುದಿದ್ದರೆ ನೀವೇ ಹತ್ತಿರಿ ಅಂದ. ಕಾಕಾ ನಕ್ಕರು. ಆ ಗಂಟು ಹಾಗೇ ಉಳಿಯಿತು. ಪೆಟ್ಟಿಗೆಯ ಬ್ಯಾಟರಿಗಳನ್ನು ಸ್ಟೇಷನ್ ರಸ್ತೆಯ ಅಂಗಡಿಗೆ ಚಾರ್ಜಿಗೆ ಒಯ್ದು ತರುವುದು ನನ್ನ ಪಾಲಿಗೆ ಬಂತು. ಆಗಲೇ ನಾನು ಸಾಲಿ ಬಿಟ್ಟು ಎರಕದ ಅಂಗಡಿಗೆ ಸೇರಿದ್ದೆ, ನನ್ನ ದಾರಿ ಅದೇ ಆಗಿತ್ತು. ಆ್ಯಸಿಡ್ ಚೆಲ್ಲಿ ನನ್ನ ಎರಡು ಧೋತರ ತೂತಾದವು.

ಗಲ್ಲಿಯ ಜನ ಅವರನ್ನು ಕಾಡುತ್ತಿದ್ದರು. "ಕಾಕಾ, ವಿಲಾಯತಿ ರಾಜಾ ಇವತ್ತ ಏನಂದ?" ಅಂತ ಒಬ್ಬ ಕೇಳುತ್ತಿದ್ದ. "ನಿನ್ನ ಸುದ್ದಿ ಕೇಳಲಿಲ್ಲಪಾ, ನಾ ಏನ ಮಾಡ್ಲಿ," ಅಂತ ಕಾಕಾ ಹೇಳಿ ಒಳಗೆ ಹೋಗುತ್ತಿದ್ದರು. ನಾನು ಒಂದು ಸಲ ಖರೇನೇ ಕೇಳಿದೆ, ಅಷ್ಟು ದೂರದವರ ಜೊತೆ ಏನು ಮಾತಾಡುತ್ತೀರಿ ಅಂತ. ನಿನ್ನ ಪೆಟ್ಟಿಗೆಯ ದನಿ ಇಲ್ಲಿ ಹೀಗೆ ಬರುತ್ತಿದೆ, ನನ್ನದು ಅಲ್ಲಿ ಹೇಗಿದೆ, ಇಲ್ಲಿ ಮೋಡ ಇದೆ, ಅಲ್ಲಿ ಬಿಸಿಲೋ ಅಂತ ಕೇಳುವುದು, ಅಷ್ಟೇ ಅಂದರು. ಬೇರೆ ಮಾತು ಆಡುವ ಹಾಗಿಲ್ಲ. ಅದು ಲೈಸೆನ್ಸಿನ ಕಾಯ್ದೆ. ನಮ್ಮ ಅಣ್ಣನಿಗೆ ಇದು ಹಾಸ್ಯವಾಗಿ ಕಂಡಿತು. ಇಷ್ಟೆಲ್ಲ ಮಾಡಿ ನಿನ್ನ ಪೆಟ್ಟಿಗೆ ಹೇಗಿದೆ ನನ್ನ ಪೆಟ್ಟಿಗೆ ಹೇಗಿದೆ ಅಂತ ಕೇಳಲಿಕ್ಕೆ ನಾನು ಮರ ಹತ್ತಿದೆನೇ ಅಂತ ನಗುತ್ತಿದ್ದ.

ಆದರೆ ಕಾಕಾ ಆ ಕಾಯ್ದೆಯನ್ನು ಹಾಸ್ಯ ಅಂದುಕೊಂಡಿರಲಿಲ್ಲ. ಎದುರು ಮನೆಯವಳ ಮಗಳು ಪುಣೆಯಲ್ಲಿ ಬಾಣಂತಿ ಆಗುವವಳಿದ್ದಳು. ಆಕೆ ಬಂದು, ಮಗಳ ಸುದ್ದಿ ಒಂದು ಕೇಳಿ ಕೊಡಿರಿ ಅಂತ ಬೇಡಿಕೊಂಡಳು. ಕಾಕಾ ಆಗುವುದಿಲ್ಲ ಅಂದರು. ಮಂದಿಯ ಸುದ್ದಿ ಒಯ್ಯುವುದು ಟಪಾಲು ಕಚೇರಿಯ ಕೆಲಸ, ಮನೆಯ ಪೆಟ್ಟಿಗೆಯವರು ಅದನ್ನು ಮುಟ್ಟಬಾರದು. ಹಾಗಂತ ಹೇಳಿ ತಾವೇ ಕೊಡೆ ಹಿಡಿದುಕೊಂಡು ಟಪಾಲು ಕಚೇರಿಗೆ ನಡೆದು, ಆಕೆಯ ತಾರನ್ನು ಬರೆದು ಕೊಟ್ಟು ಬಂದರು. ಆಕೆ ಗಲ್ಲಿ ತುಂಬ ಅದನ್ನೇ ಹೇಳಿಕೊಂಡು ತಿರುಗಿದಳು. ಮನೆಯಲ್ಲಿ ಬಾವಿ ಇಟ್ಟುಕೊಂಡು ಕೆರೆಗೆ ಕೊಡ ಹೊತ್ತುಕೊಂಡು ಹೋಗುವ ಮನುಷ್ಯ ಅಂದಳು.

ಒಂದೇ ಹೊತ್ತಿನಲ್ಲಿ ಆ ಕಾಯ್ದೆ ಸಡಿಲುತ್ತದೆ ಅಂತ ಕಾಕಾ ಹೇಳಿದ್ದರು. ಆಪತ್ತಿನ ಹೊತ್ತಿನಲ್ಲಿ. ನೆರೆ ಬಂದೋ, ಭೂಮಿ ನಡುಗಿಯೋ ಕಂಬದ ತಂತಿ ಹರಿದು ಬಿದ್ದರೆ. ರೈಲ್ವೆ ಕೆಲಸಕ್ಕೆ ಸೇರಿದ್ದ ಅಣ್ಣ ರಜೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಆಪತ್ತಿನ ಕೂಗು ಕೇಳಿಸ್ತು ಅಂದ್ರ ಮೊದಲ ನಿನ್ನ ಬಾಯಿ ಮುಚ್ಚಬೇಕು. ಎಲ್ಲಾರೂ ಮುಚ್ಚಬೇಕು. ಕೂಗಿದಂವಗ ದಾರಿ ಬಿಡಬೇಕು. ಹತ್ತರದಂವ ಉತ್ತರ ಕೊಡ್ತಾನ. ಯಾರೂ ಕೊಡಲಿಲ್ಲಂದ್ರ ಅಷ್ಟ ನೀ ಕೊಡು. ಸರಕಾರದ ಮನುಷ್ಯಾ ಚೀಟಿ ಬರದ ಕೊಟ್ಟದ್ದನ್ನ ಕಳಸು. ಬಂದದ್ದನ್ನ ಬಂದಂಗ ಬರದ ಅಂವಗ ಕೊಡು. ಒಂದ ಅಕ್ಷರ ಕೂಡಸಬ್ಯಾಡ. ಮಂದಿಗಿ ಹೇಳಬ್ಯಾಡ."

"ಹೆಂಡ್ತಿಗೂ ಹೇಳಂಗಿಲ್ಲೇನ್ರೀ?" ಅಂತ ಅಣ್ಣ ಕೇಳಿದ.

"ಆಕಿಗಂತೂ ಹೇಳಬ್ಯಾಡ."

ಒಳಗಿನಿಂದ ಕಾಕು ಏನೋ ಅಂದಳು. ಎಲ್ಲರೂ ನಕ್ಕರು...

ಎರಡನೇ ದೊಡ್ಡ ಲಡಾಯಿ ಶುರುವಾದ ವರ್ಷದ ಮಳೆಗಾಲ. ಅಣ್ಣ ಆಗ ಘಟ್ಟದ ರೈಲು ಲೈನಿನಲ್ಲಿ ಗ್ಯಾಂಗ್‌ಮನ್. ಹಳಿ ಕಾಯುವುದು, ಬಿದ್ದ ಕಲ್ಲು ತೆಗೆಯುವುದು ಅವನ ಕೆಲಸ. ಗುಡ್ಡದ ಬುಡದಲ್ಲಿ ತಗಡಿನ ಚಾಳಿನಲ್ಲಿ ಗ್ಯಾಂಗಿನವರು ಕೂಡಿ ಇರುತ್ತಿದ್ದರು. ನಮ್ಮ ಗಲ್ಲಿಯವರೇ ಇನ್ನೂ ಇಬ್ಬರು ಅದೇ ಗ್ಯಾಂಗಿನಲ್ಲಿದ್ದರು. ಅಪ್ಪ ಸತ್ತಮೇಲೆ ಅಣ್ಣನ ಪಗಾರದ ಮೇಲೆ ನಮ್ಮ ಮನೆ ನಡೆಯುತ್ತಿತ್ತು. ಅವನಿಗೆ ಉಪ್ಪಿನಬೆಟಗೇರಿಯ ಹೆಣ್ಣು ಗೊತ್ತಾಗಿತ್ತು. ಮಳೆಗಾಲ ಮುಗಿದ ಮೇಲೆ ಮದುವೆ.

ಆ ದಿನ ಮಧ್ಯಾಹ್ನ ಕಾಕಾ ಕಿವಿಗೆ ಪೆಟ್ಟಿಗೆಯ ದನಿ ಕೇಳುವ ಕೊಳವೆ ಹಾಕಿಕೊಂಡು ಸುಮ್ಮನೆ ಕೇಳುತ್ತ ಕೂತಿದ್ದರಂತೆ. ಘಟ್ಟದ ಮೇಲೆ ರೈಲ್ವೆಯ ಒಬ್ಬ ಬಿಳಿ ಸಾಹೇಬನ ಬಂಗಲೆಯಲ್ಲಿ ಇಂಥದ್ದೇ ಪೆಟ್ಟಿಗೆ ಇತ್ತು. ಆತ ಆಪತ್ತಿನ ಕೂಗು ಹಾಕಿದ. ಗುಡ್ಡ ಕುಸಿದಿದೆ, ಹಳಿ ಹೋಗಿದೆ, ಹಳಿಯ ಜೊತೆ ತಾರಿನ ಕಂಬಗಳೂ ಹೋಗಿವೆ, ಚಾಳಿನ ಮೇಲೆ ಮಣ್ಣು ಬಂದಿದೆ. ಕಾಕಾ ಕಾದರು. ಬೇರೆ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ತಾವು ಕೊಟ್ಟರು. ಬಂದದ್ದನ್ನು ಬರೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಮಳೆಯಲ್ಲಿ ರೈಲ್ವೆ ಕಚೇರಿಗೆ ಹೋದರು. ಕಚೇರಿಯವರು ಮೊದಲು ನಂಬಲಿಲ್ಲ. ಮುದುಕನಿಗೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಅಂದರು. ತಮ್ಮ ತಾರಿನ ಮೇಜಿಗೆ ಹೋಗಿ ಬಡಿದು ನೋಡಿದರು. ಆ ಕಡೆಯಿಂದ ಉತ್ತರ ಇರಲಿಲ್ಲ. ಆಗ ನಂಬಿದರು.

ಸಂಜೆಯೊಳಗೆ ಕಾಕಾನ ಮನೆ ಕಚೇರಿಯಾಯಿತು. ರೈಲ್ವೆಯ ದೊಡ್ಡ ಅಧಿಕಾರಿ ಒಬ್ಬ ಗುಮಾಸ್ತನನ್ನು ಅಲ್ಲಿ ಕೂಡಿಸಿದ. ಅಧಿಕಾರಿ ಸಹಿ ಮಾಡಿದ ಚೀಟಿಯನ್ನು ಪಟ್ಟೇವಾಲಾ ಸೈಕಲ್ಲಿನಲ್ಲಿ ತರುತ್ತಿದ್ದ, ಗುಮಾಸ್ತ ಓದಿ ಕಾಕಾನ ಮುಂದೆ ಇಡುತ್ತಿದ್ದ, ಕಾಕಾ ಬಡಿಯುತ್ತಿದ್ದರು. ಎಷ್ಟು ಜನ ಡಾಕ್ಟರು ಬೇಕು, ಎಷ್ಟು ಸಲಿಕೆ, ರೈಲು ಎಲ್ಲಿಯ ತನಕ ಬರಬಹುದು. ಆ ಗುಮಾಸ್ತನೂ ತಾರಿನವನೇ. ಹುಡುಗನಿದ್ದಾಗ ಕಾಕಾನ ಕೈಕೆಳಗೆ ಕಲಿತವನು.

ಸುದ್ದಿ ಗಲ್ಲಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಮರುದಿನ ಬೆಳಗಾಗುವುದರೊಳಗೆ ಕಾಕಾನ ಕಟ್ಟೆ ತುಂಬಿತ್ತು. ಗೋಣಿತಟ್ಟು ತಲೆಯ ಮೇಲೆ ಹಾಕಿಕೊಂಡು ಹೆಂಗಸರು ಕೂತಿದ್ದರು. ನಮ್ಮ ಅವ್ವ ಬಾಗಿಲ ಸನಿಹದಲ್ಲಿ. ಉಳಿದ ಇಬ್ಬರ ತಾಯಂದಿರೂ ಪಕ್ಕದಲ್ಲಿ. ಕಾಕು ಚಹಾ ಮಾಡಿ ತಂದಳು. ಅವ್ವ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕುಡಿಯಲಿಲ್ಲ.

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಕಾಕಾ ಒಂದು ಕಿವಿಯ ಕೊಳವೆ ಸರಿಸಿದರು.

"ಕಾಕಾ, ನಮ್ಮ ಅಣ್ಣಂದು ಕೇಳ್ರಿ."

"ಸಾಹೇಬ್ರ ಚೀಟಿ ಬೇಕೋ ತಮ್ಮಾ."

"ಒಂದ ಹೆಸರ್ರೀ."

"ಒಂದ ಕೇಳಿದ್ರ ಎಲ್ಲಾರದೂ ಕೇಳಬೇಕಾಕ್ಕೈತಿ. ಅಷ್ಟೊತ್ತು ಅಲ್ಲಿ ಡಾಕ್ಟರ್ ಬೇಕು ಅನ್ನೋ ಮಾತು ಹೊರಗ ನಿಂತ ಕಾಯ್ತೈತಿ. ಮಣ್ಣಿನ್ಯಾಗ ಜೀವ ಇದ್ದಂವ ಇದ್ರ ಅಂವಾ ಕಾಯಂಗಿಲ್ಲ."

ಸರಿಯಾದ ಮಾತೇ. ನನಗೆ ಆಗಲೂ ಗೊತ್ತಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ನೇರ ರೈಲ್ವೆ ಕಚೇರಿಗೆ ಹೋದೆ, ಚೀಟಿ ಬರೆದು ಕೊಡಿ ಅಂತ ಕೇಳಲಿಕ್ಕೆ. ಅಧಿಕಾರಿಯನ್ನು ನೋಡಲು ಬಿಡಲಿಲ್ಲ. ಪಟ್ಟೇವಾಲಾ ಒಳಗೆ ಹೋಗಿ ಬಂದು, ಕೂಲಿಯವರ ಹೆಸರು ಈಗಲ್ಲ, ಲೈನು ಸರಿಯಾದ ಮೇಲೆ ಅಂದ. ಗ್ಯಾಂಗಿನಲ್ಲಿ ಇಷ್ಟು ತಲೆ ಅಂತ ಅಷ್ಟೇ ಅವರಿಗೆ ಬೇಕಾಗಿತ್ತು. ನನ್ನ ಹಿಂದೆ ಇನ್ನೂ ಹತ್ತಾರು ಜನ ಅದನ್ನೇ ಕೇಳಲು ನಿಂತಿದ್ದರು. ತಿರುಗಿ ಬಂದೆ.

ಊಟದ ಹೊತ್ತಾಗಿತ್ತು. ಅವ್ವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ರೊಟ್ಟಿ ಮುರಿದು ಮುಂದಿಟ್ಟೆ. ನಾವು ಕೂತದ್ದು ಆ ಗೋಡೆಗೆ ಬೆನ್ನು ಹಚ್ಚಿ. ಆಚೆ ಕೀ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದು ನಮಗೆ ಹೊಸದಲ್ಲ. ಗೋಡೆಯ ಮೇಲಿನ ಹಲ್ಲಿಯ ಸಪ್ಪಳದ ಹಾಗೆ, ಇದ್ದರೂ ಕೇಳುತ್ತಿರಲಿಲ್ಲ. ಆದರೆ ಅವತ್ತು ಅವ್ವ ಕೇಳಿದಳು. ತಲೆ ಗೋಡೆಗೆ ಆನಿಸಿದಳು. ಆಮೇಲೆ ಅಂದಳು:

"ಅದನ್ನ ಅದನ್ನ ಬಡ್ಯಾಕತ್ತಾರಲ್ಲೋ."

ನಾನೂ ಕೇಳಿದೆ. ಯಾವಾಗಲೂ ಮಳೆ ಹನಿದ ಹಾಗೆ ಬಿಡುವಿಲ್ಲದೆ ಹೋಗುವ ಸಪ್ಪಳ, ಅವತ್ತು ತುಸು ಹೊತ್ತು ಬಡಿದು ನಿಲ್ಲುತ್ತಿತ್ತು. ಮತ್ತೆ ಅದೇ. ಮತ್ತೆ ನಿಲ್ಲುತ್ತಿತ್ತು. ಮತ್ತೆ ಅದೇ. ನನಗೆ ಅದರ ಒಂದು ಅಕ್ಷರವೂ ಗೊತ್ತಿಲ್ಲ. ಅವರ ಕೆಲಸ ಅದು, ನೀನು ಉಣ್ಣು ಅಂದೆ. ಅವ್ವ ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

ಆ ಸಂಜೆ ಕಾಕಾ ಮೊದಲ ಸಲ ಕೊಳವೆ ತೆಗೆದಿಟ್ಟು ಹೊರಗೆ ಬಂದರು. ಗುಮಾಸ್ತ ಒಳಗೆ ಕೂತಿದ್ದ. ಕಾಕಾ ಕಟ್ಟೆಯ ಮೇಲೆ ಅವ್ವನ ಸನಿಹ ಕೂತರು. ಮೈ ತೊಳೆದ ಹಾಗೆ ಬೆವರಿತ್ತು, ಆ ಥಂಡಿಯಲ್ಲಿ. ಹೆಂಗಸರೆಲ್ಲ ಅವರ ಬಾಯಿ ನೋಡುತ್ತಿದ್ದರು.

"ಅಣ್ಣಾರ, ನಮ್ಮ ಫಕೀರನ ಸುದ್ದಿ ಏನರ?" ಅಂದಳು ಅವ್ವ.

"ನನಗ ಹೇಳಾಕ ಬರಂಗಿಲ್ಲ ತಂಗಿ."

ಅಷ್ಟೇ. ಮತ್ತೊಬ್ಬಳು ನಮ್ಮವನದು ಅಂದಳು. ಆಕೆಗೂ ಅದನ್ನೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅವ್ವನನ್ನು ಒಳಗೆ ಮಲಗಿಸು, ನೆಲ ಹಸಿ ಇದೆ, ಕೆಳಗೆ ಎರಡು ಕಂಬಳಿ ಹಾಕು ಅಂದರು. ಎದ್ದು ಹೋಗಿ ಮತ್ತೆ ಕೊಳವೆ ಏರಿಸಿಕೊಂಡರು.

ಹೇಳಾಕ ಬರಂಗಿಲ್ಲ ಅನ್ನುವ ಮಾತನ್ನು ಅವ್ವ ಹಿಡಿದುಕೊಂಡಳು. ಸತ್ತಿದ್ದರೆ ಮುಖದಲ್ಲಿ ತಿಳಿಯುತ್ತಿತ್ತು, ಬದುಕಿದ್ದಾನೆ, ಕಾಯ್ದೆ ಇದೆ ಅಂತ ಹೇಳುತ್ತಿಲ್ಲ ಅಂದಳು. ಅಂದಿನಿಂದ ದಿನಾ ಅಣ್ಣನ ಪಾಲಿನ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ರೈಲು ಬಂದ ಕೂಡಲೆ ಹಸಿದು ಬರುತ್ತಾನೆ ಅಂತ. ಸಂಜೆ ಆ ರೊಟ್ಟಿಯನ್ನು ನಾನು ತಿನ್ನುತ್ತಿದ್ದೆ. ಬೆಳಿಗ್ಗೆ ಮತ್ತೆ ಬಿಸಿ ರೊಟ್ಟಿ ಸುತ್ತುತ್ತಿದ್ದಳು.

ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಲೈನು ಅರ್ಧ ಸರಿಯಾಯಿತು. ಮೊದಲ ರೈಲಿನಲ್ಲಿ ನಮ್ಮ ಗಲ್ಲಿಯ ಇಬ್ಬರೂ ಇಳಿದರು. ಒಬ್ಬನ ಕಾಲು ಮುರಿದಿತ್ತು. ಇನ್ನೊಬ್ಬನಿಗೆ ಏನೂ ಆಗಿರಲಿಲ್ಲ, ಗುಡ್ಡ ಬಿದ್ದಾಗ ಆತ ನೀರು ತರಲು ಹೋಗಿದ್ದನಂತೆ. ಅಣ್ಣ ಅದರ ಮರುದಿನದ ರೈಲಿನಲ್ಲಿ ಬಂದ. ಸಾಮಾನಿನ ಡಬ್ಬಿಯಲ್ಲಿ, ತಾಡಪತ್ರಿ ಸುತ್ತಿ. ಗುರುತು ಸಿಗಲಿಲ್ಲ. ಸೊಂಟದ ಉಡದಾರದಲ್ಲಿ ಅವ್ವ ಕಟ್ಟಿದ ತಾಯತ ಇತ್ತು, ಅದನ್ನು ನೋಡಿ ಹೌದು ಅಂದೆ.

ಮಣ್ಣು ಮಾಡಿ ಬಂದ ದಿನ ಕಾಕಾ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ನಾನೇ ಹೊರಗೆ ಹೋದೆ.

"ನಿಮಗ ಗೊತ್ತಿತ್ತೇನ್ರೀ?"

"ಸಿಕ್ಕಿಲ್ಲ ಅಂತ ಗೊತ್ತಿತ್ತು."

"ಯಾವಾಗಿಂದ?"

"ಎರಡನೇ ದಿನದಿಂದ."

"ಮತ್ತ ನಮ್ಮವ್ವ ರೊಟ್ಟಿ ಬಡ್ಯಾಕತ್ತಿದ್ಲಲ್ರೀ. ಗ್ವಾಡಿ ಆಚಿ ನಿಮಗ ಕೇಳ್ತಿದ್ದಿಲ್ಲೇನು?"

"ಕೇಳ್ತಿತ್ತು," ಅಂದರು. "ಹೇಳಾಕ ಬರತಿದ್ದಿಲ್ಲ. ಬಂದ ಮಾತು ಸಾಹೇಬ್ರದು."

ನಾನು ಬೈದೆ. ಏನು ಬೈದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ನಿಮ್ಮ ಮನೆಯಲ್ಲಿ ಮಗ ಇದ್ದಿದ್ದರೆ ನಿಮ್ಮ ಕಾಯ್ದೆ ಏನನ್ನುತ್ತಿತ್ತು ಅಂತ ಕೊನೆಗೆ ಅಂದೆ. ಅವರು ಕೇಳಿಸಿಕೊಂಡರು. ಕೊಡೆ ಮಡಚಿ ತಮ್ಮ ಮನೆಗೆ ಹೋದರು. ಅಲ್ಲಿಂದ ಮುಂದೆ ನಾವು ಮಾತಾಡಲಿಲ್ಲ. ಬ್ಯಾಟರಿಯನ್ನು ನಾನು ಮುಟ್ಟಲಿಲ್ಲ. ಕಾಕು ಮಾತ್ರ ಹಿತ್ತಿಲಿನಿಂದ ಅವ್ವನ ಹತ್ತಿರ ಬಂದು ಕೂಡುತ್ತಿದ್ದಳು.

ಆಮೇಲೆ ಸ್ವಲ್ಪ ದಿನಕ್ಕೆ ಒಬ್ಬ ಫೌಜದಾರ, ಇಬ್ಬರು ಸಿಪಾಯಿಗಳು ಬಂದರು. ಕಾಕಾನ ಪೆಟ್ಟಿಗೆಗಳನ್ನು ಹೊರಗೆ ತಂದು ಅರಗಿನ ಮುದ್ರೆ ಹಾಕಿದರು. ಗೋಡೆಯ ಮೇಲಿನ ಲೈಸೆನ್ಸನ್ನು ಕಟ್ಟು ಸಹಿತ ಒಯ್ದರು. ಕೀಯನ್ನು ಮಾತ್ರ ಬಿಟ್ಟರು. ಅದು ನನ್ನ ನೌಕರಿಯ ಕಾಲದ್ದು, ಇದರಿಂದ ತಾನಾಗಿ ಏನೂ ಆಗುವುದಿಲ್ಲ ಅಂತ ಕಾಕಾ ಹೇಳಿದರು. ಫೌಜದಾರ ಒತ್ತಿ ನೋಡಿದ. ಟಿಕ್ ಅಂದಿತು. ಆಟಿಕೆ ಸಾಮಾನು ಅಂತ ತಿರುಗಿ ಕೊಟ್ಟ. ಸಿಪಾಯಿಗಳಿಗೆ ಪೆಟ್ಟಿಗೆ ಭಾರವಾಗಿತ್ತು. ಗಲ್ಲಿಯವರು ಕೈ ಹಚ್ಚಿದರು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ.

ಅದಾದ ಮೇಲೆ ಲಡಾಯಿಯ ಸುದ್ದಿ ಬಂತು. ಲಡಾಯಿ ಮುಗಿಯುವ ತನಕ ಯಾರೂ ಇಂಥ ಪೆಟ್ಟಿಗೆ ಇಟ್ಟುಕೊಳ್ಳಬಾರದು, ಎಲ್ಲರೂ ಸರಕಾರಕ್ಕೆ ಒಪ್ಪಿಸಬೇಕು ಅಂತ ಡಂಗುರ ಆಯಿತು. ಧಾರವಾಡದಲ್ಲಿ ಕಾಲೇಜಿನ ಪ್ರೊಫೆಸರ್ ಒಬ್ಬರದ್ದೂ ಒಯ್ದರಂತೆ. ನಮ್ಮ ಗಲ್ಲಿಯವರು, ಓ ಅದಕ್ಕೇ ಕಾಕಾನದೂ ಹೋಯಿತು ಅಂದುಕೊಂಡರು. ಕಾಕಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪೆಟ್ಟಿಗೆ ಹೋದದ್ದು ಮೊದಲು, ಡಂಗುರ ಆಮೇಲೆ. ನನಗೆ ಅದು ಗೊತ್ತಿತ್ತು. ಆದರೆ ಯಾಕೆ ಅಂತ ವಿಚಾರ ಮಾಡಲಿಲ್ಲ. ಅವರ ಸುದ್ದಿಯೇ ನನಗೆ ಬೇಡಾಗಿತ್ತು.

ಲಡಾಯಿಯ ನಡುವೆ ಒಂದು ದಿನ ಕಾಕು ಈ ಕೀಯನ್ನು ಅಂಗಡಿಗೆ ತಂದಳು. ಪಟ್ಟಿ ಬಿರಿದಿತ್ತು. ಪೆಟ್ಟಿಗೆ ಇಲ್ಲದಿದ್ದರೂ ದಿನಾ ಮೇಜಿನ ಮೇಲೆ ಇಟ್ಟುಕೊಂಡು ಬಡಿಯುತ್ತಾರೆ, ಅದಿಲ್ಲದೆ ಊಟ ಸೇರುವುದಿಲ್ಲ, ಬೆಸುಗೆ ಹಾಕಿಕೊಡಪ್ಪಾ ಅಂದಳು. ಹಾಕಿಕೊಟ್ಟೆ. ಕಾಕುಗೆ ಇಲ್ಲ ಅನ್ನಲು ಆಗಲಿಲ್ಲ.

ಲಡಾಯಿ ಮುಗಿಯುವ ಮೊದಲೇ ಕಾಕಾ ತೀರಿಕೊಂಡರು. ಹೋಗಿದ್ದೆ. ಹೆಗಲು ಕೊಡಲಿಲ್ಲ.

ಗುಮಾಸ್ತ ನಮ್ಮ ಅಂಗಡಿಗೆ ಬಂದದ್ದು ಹೋದ ವರ್ಷ. ಅವನೂ ಈಗ ಪಿಂಚಣಿ. ಸೋರುವ ಹಂಡೆ ತಂದಿದ್ದ. ನಾನು ತಳ ಬೆಸೆಯುವ ತನಕ ಕೂತು ಮಾತಾಡುತ್ತಿದ್ದ. ಲಡಾಯಿ ಮುಗಿದ ಮೇಲೆ ಧಾರವಾಡದ ಪ್ರೊಫೆಸರ್‌ಗೆ ಪೆಟ್ಟಿಗೆ ತಿರುಗಿ ಕೊಟ್ಟಿದ್ದಾರಂತೆ ಅಂದ. ಕಾಕಾ ಬದುಕಿದ್ದರೆ ಅವರದೂ ಬರುತ್ತಿತ್ತು ಅಂತ ನಾನು ಬಾಯಿಗೆ ಬಂದದ್ದು ಅಂದೆ.

"ಅವರದ ಬರ್ತಿದ್ದಿಲ್ಲ," ಅಂದ. "ಅವರದ ಲಡಾಯಿಗೆ ಹೋಗಿದ್ದಲ್ಲ. ಶಿಕ್ಷಾ ಆಗಿ ಹೋಗಿದ್ದು. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಅವನು ಹೇಳಿದ.

ಆ ಎರಡನೇ ದಿನ ಗುಮಾಸ್ತ ಊಟಕ್ಕೆ ಎದ್ದು ಅಡಿಗೆ ಮನೆಗೆ ಹೋಗಿದ್ದ. ಕಾಕು ಬಡಿಸಿದ್ದಳು. ಆ ಹೊತ್ತಿನಲ್ಲಿ ಮೇಜಿನ ಮೇಲೆ ಚೀಟಿ ಇರಲಿಲ್ಲ. ಆದರೂ ಕೀ ಬಡಿಯುವುದು ಕೇಳಿತು. ತಾರಿನವನ ಕಿವಿ, ಮುಚ್ಚಿಕೊಂಡರೂ ಅಕ್ಷರ ಬಿದ್ದೇ ಬೀಳುತ್ತವೆ ಅಂದ. ಕಾಕಾ ಘಟ್ಟದ ಸಾಹೇಬನಿಗೆ ಒಂದು ಹೆಸರು ಬಡಿಯುತ್ತಿದ್ದರು. ಫಕೀರಪ್ಪ, ಇದ್ದಾನೋ ಇಲ್ಲವೋ. ಸಾಹೇಬ ಚೀಟಿ ಯಾರದು ಅಂತ ಕೇಳಿರಬೇಕು. ಕಾಕಾ ಉತ್ತರ ಕೊಡದೆ ಮತ್ತೆ ಆ ಹೆಸರೇ ಬಡಿದರು. ಗುಮಾಸ್ತ ಕೈ ತೊಳೆಯದೆ ಎದ್ದು ಬಂದು ಕೊಳವೆಗೆ ಕಿವಿ ಕೊಟ್ಟ. ಸಾಹೇಬ ಬೈಯುತ್ತಿದ್ದ. ದಾರಿ ಬಿಡು, ಇಲ್ಲಿ ಜನ ಮಣ್ಣಿನಲ್ಲಿದ್ದಾರೆ ಅನ್ನುತ್ತಿದ್ದ. ಕಾಕಾ ದಾರಿ ಬಿಡಲಿಲ್ಲ. ಮತ್ತೂ ಒಂದು ಸಲ ಅದನ್ನೇ ಬಡಿದರು. ಕೊನೆಗೆ ಸಾಹೇಬ, ಸಿಕ್ಕಿಲ್ಲ ಅಂತ ಒಂದೇ ಮಾತು ಹೇಳಿ, ಇದನ್ನು ಮೇಲಕ್ಕೆ ಬರೆಯುತ್ತೇನೆ ಅಂದ. ಬರೆದ.

"ವಿಚಾರಣಾ ಆತು. ನನ್ನೂ ಕರದಿದ್ರು," ಅಂದ ಗುಮಾಸ್ತ. "ಚೀಟಿ ಇತ್ತು, ಆಮ್ಯಾಲ ಕಳೀತು ಅಂತ ಹೇಳಾಕ ನಾ ತಯಾರ ಆಗಿ ಹೋಗಿದ್ದೆ. ನನಗಿಂತ ಮೊದಲ ಅವರನ್ನ ಕೇಳಿದ್ರು. ಚೀಟಿ ಇದ್ದಿದ್ದಿಲ್ಲ ಅಂದಬಿಟ್ರು. ನನ್ನ ಬಾಯಿ ತಗಿಯೋ ಕೆಲಸನ ಉಳೀಲಿಲ್ಲ."

ಉಳಿದ ಇಬ್ಬರ ಹೆಸರೂ ಕೇಳಿದ್ದರೇ ಅಂತ ನಾನು ಕೇಳಿದೆ.

"ಇಲ್ಲಪಾ. ಅದೊಂದ ಹೆಸರು. ಆ ತಾಯಂದ್ರು ಹೊರಗ ಕುಂತಿದ್ರಲ್ಲ, ಒಬ್ಬಾಕಿಗಿ ಹೇಳಿ ಒಬ್ಬಾಕಿಗಿ ಹೇಳಲಾರದ ಹೆಂಗ ಇರಬೇಕು? ಅದಕ್ಕ ಯಾರಿಗೂ ಹೇಳಲಿಲ್ಲ. ನನಗೂ ಹೇಳಬ್ಯಾಡಂದಿದ್ರು. ಈಗ ಅವ್ರಿಲ್ಲ, ಹೇಳಿದೆ."

ಹಂಡೆ ಹೊತ್ತುಕೊಂಡು ಅವನು ಹೋದ. ನಾನು ಕೆಲಸಕ್ಕೆ ಕೂತೆ.

ಬಂದ ಮಾತು 'ಸಾಹೇಬ್ರದು' ಅಂತ ಕಾಕಾ ನನಗೆ ಹೇಳಿದ್ದರು. ಅದು ಸುಳ್ಳು. ಕೇಳಿದವರು ತಾವು, ಬಂದದ್ದು ತಮಗೆ. ಸುಳ್ಳು ಹೇಳಿ ನನ್ನಿಂದ ಬೈಸಿಕೊಂಡರು. ನಾನು ಬೈದದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವರು ಹೇಳಬೇಕಿತ್ತು. ಸಿಕ್ಕಿಲ್ಲ ಅಂತಲಾದರೂ ಅವ್ವನಿಗೆ ಹೇಳಿದ್ದರೆ ಆಕೆ ರೊಟ್ಟಿ ಸುತ್ತಿಡುತ್ತಿರಲಿಲ್ಲ. ಕೇಳಬಾರದ್ದನ್ನು ಕೇಳಿದರು, ಹೇಳಬೇಕಾದದ್ದನ್ನು ಹೇಳಲಿಲ್ಲ. ಹಾಗಂತ ಈಗ ಸಿಟ್ಟೂ ಬರುವುದಿಲ್ಲ. ಬೇರೆ ಏನಾದರೂ ಬರಬೇಕಿತ್ತೋ ಏನೋ... ಅದೂ ಬರುವುದಿಲ್ಲ.

ಒಂದೇ ಸಂಗತಿ ತಲೆಯಲ್ಲಿ ಉಳಿದಿದೆ. ಅವತ್ತು ಗೋಡೆಗೆ ತಲೆ ಆನಿಸಿ ಅವ್ವ ಕೇಳಿದ್ದು ತನ್ನ ಮಗನ ಹೆಸರು. ಅದನ್ನೇ ಅದನ್ನೇ ಬಡಿಯುತ್ತಿದ್ದಾರೆ ಅಂತ ಹೇಳಿದ್ದಳು. ನಾನು ಉಣ್ಣು ಅಂದಿದ್ದೆ.

ಇದನ್ನು ಅವ್ವನಿಗೆ ಹೇಳಿಲ್ಲ. ಒಂದು ವರ್ಷವಾಯಿತು. ದಿನಾ ಸಂಜೆ ಊಟಕ್ಕೆ ಕೂತಾಗ ಹೇಳಬೇಕು ಅನ್ನಿಸುತ್ತದೆ. ಆಕೆ ಆ ಗೋಡೆಗೇ ಬೆನ್ನು ಹಚ್ಚಿ ಕೂತಿರುತ್ತಾಳೆ. ಕಾಕು ಹೋದ ತಿಂಗಳು ತೀರಿಕೊಂಡಳು, ಆಚೆ ಈಗ ಬೇರೆ ಬಾಡಿಗೆಯ ಬಿಡಾರದವರು ಇದ್ದಾರೆ, ಅವರ ಕೂಸು ಅಳುವುದು ಕೇಳುತ್ತದೆ. ಅಣ್ಣ ಕಟ್ಟಿದ ತಂತಿ ಬೇವಿನ ಮರದಲ್ಲಿ ಇನ್ನೂ ಇದೆ. ಈ ಕಡೆಯ ತುದಿ ಕಡಿದು ಅವರು ಅರಿವೆ ಒಣಗಹಾಕಲು ಕಟ್ಟಿಕೊಂಡಿದ್ದಾರೆ. ಆ ಕಡೆಯ ಗಂಟು ಕಾಣುವುದಿಲ್ಲ, ಮರದ ತೊಗಟೆ ಬೆಳೆದು ನುಂಗಿದೆ. ಕಾಕು ತೀರಿದ ಮೇಲೆ ಅವಳ ಕಡೆಯವರು ಬಂದು ಮನೆ ಸಾಮಾನು ವಿಲೇವಾರಿ ಮಾಡಿದರು. ಕೀ ಮೋಡಕಾ ಚೀಲಕ್ಕೆ ಬಂದದ್ದು ಹಾಗೆ.

ಇವತ್ತು ಇಕ್ಕಳ ಕೆಳಗಿಟ್ಟು ಅದನ್ನು ತಣ್ಣಗಾಗಲು ಬಿಟ್ಟೆ. ಆಮೇಲೆ ಬೆರಳಿನಿಂದ ಒತ್ತಿದೆ. ಸ್ಪ್ರಿಂಗು ಇನ್ನೂ ಗಟ್ಟಿ ಇತ್ತು. ಟಿಕ್ ಅಂದಿತು. ಮತ್ತೆ ಒತ್ತಿದೆ. ಅಣ್ಣನ ಹೆಸರಿಗೆ ಎಷ್ಟು ಸಲ ಒತ್ತಬೇಕು, ಎಲ್ಲಿ ತಡೆಯಬೇಕು, ನನಗೆ ಬರುವುದಿಲ್ಲ.

"ಏ, ಏನ್ ಆಟ ಆಡಾಕತ್ತಿ?" ಅಂದ ಅಂಗಡಿಯ ಮಾಲಕ ಚಾಚಾ, ತಿದಿಯ ಆಚೆಯಿಂದ. "ಬೆಂಕಿ ಇಳ್ಯಾಕತ್ತೈತಿ. ಹಾಕೋದಿದ್ರ ಹಾಕು, ಇಲ್ಲಂದ್ರ ತಗದ ಇಡು."

ಗುಂಡಿಯನ್ನೂ ಸ್ಪ್ರಿಂಗನ್ನೂ ಬಿಚ್ಚಿ ತೆಗೆದೆ. ಅವು ಕರಗುವ ಸಾಮಾನಲ್ಲ, ಎರಕ ಕೆಡುತ್ತದೆ. ಹಿತ್ತಾಳೆಯನ್ನು ಮೂಸೆಗೆ ಹಾಕಿದೆ. ಮಧ್ಯಾಹ್ನದ ಎರಕದಲ್ಲಿ ಬಾಗಿಲ ಚಿಲಕಗಳಾದವು. ಯಾವ ಚಿಲಕದಲ್ಲಿ ಎಷ್ಟು ಹೋಯಿತೋ ಗೊತ್ತಿಲ್ಲ. ಗುಂಡಿ ನನ್ನ ಕಿಸೆಯಲ್ಲಿದೆ. ಒಂದು ಮಗ್ಗುಲು ಸುಟ್ಟಿದೆ.

ಇಷ್ಟೇ. ಇನ್ನು ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.